ಮಲೆನಾಡಿನ ಕಿಟಕಿಗೆ ಎರಡನೆಯ ಗಾಜು ಬೇಕೆ?

ಹಳೆಯ ಮನೆಯ ಕಿಟಕಿಗಳನ್ನು ಕೀಳದೆ ಅವುಗಳ ಒಳಬದಿಗೆ ಇನ್ನೊಂದು ಗಾಜಿನ ಚೌಕಟ್ಟನ್ನು ಜೋಡಿಸಿದರೆ ಮನೆ ಬೆಚ್ಚಗಿರುತ್ತದೆ, ಹೊರಗಿನ ಸದ್ದು ತಗ್ಗುತ್ತದೆ, ಇಂಧನ ಉಳಿಯುತ್ತದೆ. ಈ ಸಲಹೆಯನ್ನು ನೀವು ಗೃಹನಿರ್ಮಾಣದ ಪುಸ್ತಕಗಳಲ್ಲೋ ಗಾಜು ಮಾರುವವರ ಕರಪತ್ರಗಳಲ್ಲೋ ಓದಿರಬಹುದು. ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿಯೂ ಎರಡು ಗಾಜುಗಳ ನಡುವೆ ಗಾಳಿಯನ್ನು ಹಿಡಿದಿಟ್ಟ ಪೆಟ್ಟಿಗೆ, ಒಳಗೊಂದು ಬಲ್ಬು, ಹೊರಗೊಂದು ಉಷ್ಣಮಾಪಕ ಇರುವ ಮಾದರಿ ಅಪರೂಪವಲ್ಲ. ಮಾದರಿ ತೋರಿಸುವ ತತ್ತ್ವ ಸರಿಯಾಗಿಯೇ ಇದೆ. ಅದರಿಂದ ತೆಗೆಯುವ ತೀರ್ಮಾನವನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಂಚಿನ ಮನೆಗೆ ಹಾಗೆಯೇ ಅಂಟಿಸಬಹುದೆ ಎಂಬುದು ಪ್ರಶ್ನೆ.

ಸಲಹೆಯ ತವರು ಬ್ರಿಟನ್. ಅಲ್ಲಿಯ ಹಳೆಯ ಮನೆಗಳ ಕಿಟಕಿಗಳು ಕೀಲಿನ ಮೇಲೆ ತಿರುಗುವುದಿಲ್ಲ, ಮೇಲೆ ಕೆಳಗೆ ಜಾರುತ್ತವೆ. ನಮ್ಮ ರೈಲಿನ ಹಳೆಯ ಸ್ಲೀಪರ್ ಬೋಗಿಯ ಕಿಟಕಿಯನ್ನು ನೆನಪಿಸಿಕೊಂಡರೆ ಚಿತ್ರ ಸಿಗುತ್ತದೆ. ಜಾರುವುದಕ್ಕೆ ಸಂದು ಬೇಕು, ಸಂದಿನಲ್ಲಿ ಚಳಿಗಾಳಿ ನುಗ್ಗುತ್ತದೆ. ಪಾರಂಪರಿಕ ಕಟ್ಟಡಗಳೆಂದು ಸಂರಕ್ಷಿಸಿದ ಮನೆಗಳಲ್ಲಿ ಮೂಲ ಕಿಟಕಿಯನ್ನು ಬದಲಿಸಲು ಸುಲಭವಾಗಿ ಅನುಮತಿ ದೊರೆಯದು. ಹಾಗಾಗಿ ಹಳೆಯದನ್ನು ಮುಟ್ಟದೆ ಒಳಗೆ ಎರಡನೆಯ ಗಾಜು ಹಾಕುವ ಉಪಾಯ ಬಂತು. ಒಳಗಿನ ಗಾಜು ಬಿಗಿಯಾಗಿರಬೇಕು, ಹೊರಗಿನ ಹಳೆಯ ಕಿಟಕಿ ತುಸು ಸಡಿಲವಾಗಿರಬೇಕು, ಆಗ ನಡುವಿನ ತೇವ ಹೊರಗೆ ಹೋಗುತ್ತದೆ ಎಂಬುದು ಅಲ್ಲಿಯ ನಿಯಮ.

ಅಲ್ಲಿ ಇದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂಬುದನ್ನು ಲೆಕ್ಕದಲ್ಲಿ ನೋಡಿ. ಒಂದು ಚದರ ಮೀಟರ್ ಒಂಟಿ ಗಾಜು, ಎರಡೂ ಬದಿಯ ಉಷ್ಣತೆಯಲ್ಲಿ 1 ಡಿಗ್ರಿ ವ್ಯತ್ಯಾಸವಿದ್ದರೆ ಸುಮಾರು 5.7 ವಾಟ್ ಉಷ್ಣವನ್ನು ಬಿಟ್ಟುಕೊಡುತ್ತದೆ. ನಡುವೆ ಎರಡು ಸೆಂಟಿಮೀಟರಿನಷ್ಟು ಗಾಳಿ ಇಟ್ಟು ಎರಡನೆಯ ಗಾಜು ಹಾಕಿದರೆ ಇದು ಸುಮಾರು 2.8ಕ್ಕೆ ಇಳಿಯುತ್ತದೆ. ಒಳಗೆ 20 ಡಿಗ್ರಿ ಸೆ., ಹೊರಗೆ 0 ಡಿಗ್ರಿ ಇರುವ ರಾತ್ರಿ ನಷ್ಟ 114 ವಾಟ್‌ನಿಂದ 56 ವಾಟ್‌ಗೆ ಬರುತ್ತದೆ. ಇಷ್ಟು ಮಾತ್ರವಲ್ಲ. ಒಂಟಿ ಗಾಜಿನ ಒಳಮೈ ಆಗ ಸುಮಾರು 5 ಡಿಗ್ರಿಯಲ್ಲಿರುತ್ತದೆ. ಕೋಣೆಯ ಸಾಪೇಕ್ಷ ಆರ್ದ್ರತೆ ಶೇ. 50 ಇದ್ದರೆ ಇಬ್ಬನಿ ಬಿಂದು 9 ಡಿಗ್ರಿಗೆ ತುಸು ಮೇಲೆ. ಗಾಜು ಬೆವರುತ್ತದೆ. ಎರಡನೆಯ ಗಾಜು ಬಂದ ಮೇಲೆ ಒಳಮೈ 12 ಡಿಗ್ರಿ ದಾಟುವುದರಿಂದ ಬೆವರು ನಿಲ್ಲುತ್ತದೆ. ಒಂದೇ ಏಟಿಗೆ ಎರಡು ಲಾಭ. ಬ್ರಿಟಿಷರು ಇದನ್ನು ಮೆಚ್ಚಿಕೊಂಡರೆ ಆಶ್ಚರ್ಯವಿಲ್ಲ.

ಈಗ ಘಟ್ಟದ ಅಂಚಿನ ನಿಲ್ಕುಂದಕ್ಕೆ ಬನ್ನಿ. ಸಿದ್ದಾಪುರ ತಾಲೂಕಿನ ಈ ಊರಿನ ಸುತ್ತ ಆಷಾಢದ ಮಳೆ ಹಗಲಿರುಳು ಸುರಿಯುತ್ತದೆ. ಹೊರಗೆ 22 ಡಿಗ್ರಿ, ಒಳಗೆ 24 ಡಿಗ್ರಿ ಎಂದಿಟ್ಟುಕೊಳ್ಳಿ. ವ್ಯತ್ಯಾಸ ಎರಡೇ ಡಿಗ್ರಿ. ಒಂಟಿ ಗಾಜಿನ ನಷ್ಟ 11 ವಾಟ್, ಜೋಡಿ ಗಾಜಿನದು ಸುಮಾರು 6 ವಾಟ್. ಉಳಿಯುವ 5 ವಾಟ್ ಒಂದು ಪುಟ್ಟ ಎಲ್‌ಇಡಿ ದೀಪದಷ್ಟು. ಅದೂ ಮನೆಯನ್ನು ಬೆಚ್ಚಗಿಡಲು ಯಾರಾದರೂ ಇಂಧನ ಖರ್ಚು ಮಾಡುತ್ತಿದ್ದರೆ ತಾನೆ ಉಳಿತಾಯ? ಇದರ ಜೊತೆಗೆ, ಹಂಚಿನ ಮಾಡು ಸಾವಿರ ಸಂದುಗಳ ಮಾಡು. ಅದರ ಕೆಳಗೆ ಕಿಟಕಿಯೊಂದನ್ನೇ ಬಿಗಿ ಮಾಡುವುದು ಜರಡಿಯ ಒಂದು ತೂತಿಗೆ ಮೇಣ ಹಚ್ಚಿದಂತೆ. ಉಷ್ಣದ ವಾದ ಇಲ್ಲಿಗೆ ಮುಗಿಯಿತು.

ನಮ್ಮ ಶತ್ರು ಚಳಿಯಲ್ಲ, ತೇವ. ಕರಪತ್ರಗಳು ಮೌನವಾಗಿರುವುದೂ ಇಲ್ಲಿಯೇ. ಬ್ರಿಟನ್ನಿನ ಚಳಿಗಾಲದಲ್ಲಿ ತೇವದ ಮೂಲ ಮನೆಯ ಒಳಗಿದೆ: ಉಸಿರು, ಅಡುಗೆ, ಒಗೆದ ಬಟ್ಟೆ. ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಾವಿ ಕಡಿಮೆ. ಆದ್ದರಿಂದ ‘ಒಳಗೆ ಬಿಗಿ, ಹೊರಗೆ ಸಡಿಲ’ ಎಂಬ ನಿಯಮ. ಮಲೆನಾಡಿನ ಮಳೆಗಾಲದಲ್ಲಿ ಹೊರಗಿನ ಗಾಳಿಯೇ ನೀರಾವಿಯಿಂದ ತುಂಬಿದೆ. ಸಡಿಲ ಸಂದಿನಿಂದ ಗಾಜುಗಳ ನಡುವಿನ ತೇವ ಹೊರಹೋಗುವ ಬದಲು ಹೊರಗಿನ ತೇವವೇ ಒಳಬಂದು ಕೂರುತ್ತದೆ. 24 ಡಿಗ್ರಿಯಲ್ಲಿ ಶೇ. 90 ಆರ್ದ್ರತೆಯ ಗಾಳಿಯ ಇಬ್ಬನಿ ಬಿಂದು ಸುಮಾರು 22.3 ಡಿಗ್ರಿ. ಅಂದರೆ ಮಳೆನೀರು ಬಡಿದು ಗಾಜು ಎರಡು ಡಿಗ್ರಿ ತಣ್ಣಗಾದರೂ ಸಾಕು, ಹೊರಗಾಜಿನ ಒಳಮೈಯಲ್ಲಿ ಹನಿಗಳು ಮೂಡುತ್ತವೆ. ಒರೆಸೋಣವೆಂದರೆ ಅಲ್ಲಿಗೆ ಕೈ ಹೋಗದು.

ಇನ್ನೂ ಮುಖ್ಯವಾದದ್ದು ಕೋಣೆಯ ಲೆಕ್ಕ. ಶಿಕ್ಷಕರು ಇದನ್ನು ತರಗತಿಯಲ್ಲಿ ಮಾಡಿಸಬಹುದು. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯ ಗಾತ್ರ 48 ಘನ ಮೀಟರ್. 24 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 21.8 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಇಡೀ ಕೋಣೆಗೆ 1046 ಗ್ರಾಂ. ಆರ್ದ್ರತೆ ಆಗಲೇ ಶೇ. 90 ಇದ್ದರೆ 941 ಗ್ರಾಂ ತುಂಬಿದೆ, ಉಳಿದ ಜಾಗ ಸುಮಾರು 105 ಗ್ರಾಂ. ಮಲಗಿದ ಒಬ್ಬ ವ್ಯಕ್ತಿ ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಬಿಡುತ್ತಾನೆ. ನಾಲ್ವರು ಮಲಗಿದ ಬಿಗಿಯಾದ ಕೋಣೆಯಲ್ಲಿ ಗಾಳಿ ಮುಕ್ಕಾಲು ಗಂಟೆಯೊಳಗೆ ಸಂತೃಪ್ತವಾಗುತ್ತದೆ. ಬೆಳಗಿನವರೆಗೆ ಹೊರಬರುವ ಉಳಿದ ಒಂದು ಕಿಲೋಗ್ರಾಂಗೂ ಹೆಚ್ಚು ನೀರು ಗೋಡೆ, ಹಾಸಿಗೆ, ಬಟ್ಟೆ, ಪುಸ್ತಕಗಳನ್ನು ಸೇರಬೇಕು. ನವರಾತ್ರಿಯ ಹೊತ್ತಿಗೆ ಪೆಟ್ಟಿಗೆಯಿಂದ ತೆಗೆದ ರೇಷ್ಮೆ ಸೀರೆಗೆ ಬೂಷ್ಟಿನ ವಾಸನೆ ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಹಾಗಾದರೆ ಕಿಟಕಿ ತೆರೆದಿಟ್ಟರೆ ಸಾಕೆ? ಸಾಲದು. ‘ಗಾಳಿಯಾಡಿದರೆ ತೇವ ಹೋಗುತ್ತದೆ’ ಎಂಬ ಮಾತನ್ನೂ ಅಳತೆಗೆ ಒಡ್ಡಬೇಕು. ಹೊರಗೆ 22 ಡಿಗ್ರಿ, ಶೇ. 95 ಆರ್ದ್ರತೆ ಇದ್ದಾಗ ಅಲ್ಲಿಯ ಗಾಳಿಯಲ್ಲಿ ಘನ ಮೀಟರಿಗೆ 18.4 ಗ್ರಾಂ ನೀರಾವಿ ಇದೆ. ಇದು 24 ಡಿಗ್ರಿಯ ಕೋಣೆಗೆ ಬಂದರೆ ಆರ್ದ್ರತೆ ಶೇ. 84ರಷ್ಟಾಗುತ್ತದೆ. ಶಿಲೀಂಧ್ರ ಬೆಳೆಯಲು ಶೇ. 80 ಸಾಕು. ಅದೇ ಗಾಳಿ 27 ಡಿಗ್ರಿಗೆ ಕಾಯ್ದರೆ ಆರ್ದ್ರತೆ ಶೇ. 71ಕ್ಕೆ ಇಳಿಯುತ್ತದೆ. ಹಳೆಯ ಮನೆಗಳಲ್ಲಿ ಈ ಐದು ಡಿಗ್ರಿಯನ್ನು ಕೊಡುತ್ತಿದ್ದುದು ಒಲೆ. ಅಡುಗೆಮನೆಯ ಒಲೆ ಮತ್ತು ಬಚ್ಚಲ ಒಲೆ ಮಳೆಗಾಲದಲ್ಲಿ ಆರುತ್ತಿದ್ದುದೇ ಕಡಿಮೆ. ಬಿಸಿಗಾಳಿ ಅಟ್ಟದ ಮೂಲಕ ಏರಿ ಹಂಚಿನ ಸಂದಿನಲ್ಲಿ ಹೊರಬೀಳುತ್ತಿತ್ತು, ಅದರ ಜಾಗಕ್ಕೆ ಕಿಟಕಿಯಿಂದ ಹೊಸ ಗಾಳಿ ಬರುತ್ತಿತ್ತು. ಅಟ್ಟದ ಮೇಲಿನ ಅಡಿಕೆ, ಮೆಣಸು, ಬಿತ್ತನೆ ಬೀಜ ಎಲ್ಲವೂ ಈ ಹರಿವಿನಲ್ಲಿ ಒಣಗಿಯೇ ಇರುತ್ತಿದ್ದವು.

ಅಡುಗೆ ಅನಿಲ ಬಂದದ್ದರಿಂದ ಹೆಂಗಸರ ಕಣ್ಣು, ಶ್ವಾಸಕೋಶಗಳು ಹೊಗೆಯಿಂದ ಪಾರಾದವು. ಇದನ್ನು ಯಾರೂ ಹಿಂದಕ್ಕೆ ಒಯ್ಯಬಾರದು. ಆದರೆ ಮನೆಯ ತೇವದ ಲೆಕ್ಕ ಅಂದೇ ಬದಲಾಯಿತು. ಒಂದು ಕಿಲೋಗ್ರಾಂ ಅನಿಲ ಉರಿದರೆ ಸುಮಾರು 1.6 ಕಿಲೋಗ್ರಾಂ ನೀರಾವಿ ಹುಟ್ಟುತ್ತದೆ. ದಿನವಿಡೀ ಕನಲುವ ಕೆಂಡದ ಕಾವು ಮಾತ್ರ ಇಲ್ಲ. ಹೀಗೆ ಒಣಗಿಸುವ ಯಂತ್ರ ನಿಂತುಹೋದ ಮನೆಗೆ ಮೇಲಿಂದ ಬಿಗಿ ಗಾಜನ್ನೂ ಹಾಕುವುದು, ಈಗಾಗಲೇ ಉಸಿರು ಕಟ್ಟಿದವನ ಮೂಗು ಹಿಡಿದಂತೆ.

ಮರದ ವಿಚಾರವನ್ನೂ ನೋಡಬೇಕು. ಹಲಸು, ಸಾಗುವಾನಿಗಳ ಹಳೆಯ ಚೌಕಟ್ಟುಗಳು ಬಾಳಿರುವುದು ಮರದ ಗುಣದಿಂದ ಮಾತ್ರವಲ್ಲ, ಒದ್ದೆಯಾದ ಮೇಲೆ ಒಣಗಲು ಅವಕಾಶವಿದ್ದುದರಿಂದಲೂ ಹೌದು. ಮರ ತನ್ನ ಸುತ್ತಲಿನ ಗಾಳಿಯೊಡನೆ ತೇವವನ್ನು ಕೊಟ್ಟು ತೆಗೆದುಕೊಳ್ಳುತ್ತದೆ. ಆರ್ದ್ರತೆ ಶೇ. 65 ಇದ್ದರೆ ಅದರ ತೇವಾಂಶ ಒಣತೂಕದ ಶೇ. 12ರ ಆಸುಪಾಸು, ಶೇ. 90 ಇದ್ದರೆ ಶೇ. 20ರ ಆಸುಪಾಸು. ಕೊಳೆತ ತರುವ ಶಿಲೀಂಧ್ರಗಳಿಗೆ ಬಾಗಿಲು ತೆರೆಯುವುದು ಈ 20ರ ಗಡಿಯ ಮೇಲೆಯೇ. ಎರಡು ಗಾಜುಗಳ ನಡುವೆ ಸಿಕ್ಕಿದ ಕೆಳದಿಂಡಿನ ಮೇಲೆ ಹನಿನೀರು ನಿಂತರೆ ಗಡಿ ದಾಟಲು ತಡವೇನೂ ಇಲ್ಲ. ಗಾಜಿನ ಬೆಲೆ ನಿಮಗೆ ಗೊತ್ತಿರುತ್ತದೆ. ಹಲಸಿನ ಚೌಕಟ್ಟಿನ ಬೆಲೆಯನ್ನು ಇಂದು ಬಡಗಿಯಲ್ಲಿ ಕೇಳಿ ನೋಡಿ.

ಎಷ್ಟೋ ಕಡೆ ಎರಡನೆಯ ಪದರವೆಂದು ಬರುವುದು ಅಲ್ಯೂಮಿನಿಯಂ ಜಾರುಕಿಟಕಿ. ಇದರ ದೋಷ ಕಣ್ಣಿಗೆ ಕಾಣುವಂಥದು: ಎರಡು ಗಾಜುಗಳಲ್ಲಿ ಒಂದು ಸದಾ ಇನ್ನೊಂದರ ಜಾಗವನ್ನು ಆಕ್ರಮಿಸುವುದರಿಂದ ಅರ್ಧಕ್ಕಿಂತ ಹೆಚ್ಚು ತೆರೆಯುವುದೇ ಇಲ್ಲ. ಹಳೆಯ ಮರದ ಕದಗಳು ಬಹುಮಟ್ಟಿಗೆ ಪೂರ್ತಿ ತೆರೆಯುತ್ತವೆ. ಹೊಸ ವಸತಿ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ತಂದ ‘ಇಕೋ ನಿವಾಸ್ ಸಂಹಿತಾ’ ತೆರೆಯಬಲ್ಲ ಕಿಟಕಿಯ ವಿಸ್ತೀರ್ಣವನ್ನು ನೆಲದ ವಿಸ್ತೀರ್ಣಕ್ಕೆ ಹೋಲಿಸುತ್ತದೆ. ಶೀತ ವಲಯಕ್ಕೆ ಕನಿಷ್ಠ ಹನ್ನೆರಡನೆಯ ಒಂದು ಪಾಲು, ಬೆಚ್ಚನೆಯ ಆರ್ದ್ರ ವಲಯಕ್ಕೆ ಆರನೆಯ ಒಂದು ಪಾಲು. ಅಂದರೆ ಆರ್ದ್ರ ನಾಡಿಗೆ ಎರಡು ಪಟ್ಟು ತೆರಪು ಬೇಕು. ಜಾರುಕಿಟಕಿ ಹಾಕಿ ನಾವು ಇರುವ ತೆರಪನ್ನೇ ಅರ್ಧ ಮಾಡಿಕೊಳ್ಳುತ್ತಿದ್ದೇವೆ. ಸೊಳ್ಳೆಯ ಬಲೆ ಸೇರಿಸಿದರೆ ಗಾಳಿ ಇನ್ನಷ್ಟು ಸೊರಗುತ್ತದೆ. ಬಲೆ ಬೇಡವೆಂದು ಹೇಳುವ ಧೈರ್ಯ ಮಾತ್ರ ನನಗಿಲ್ಲ.

ಇಷ್ಟಾದರೂ ಗಾಜು ಬೇಕೆನ್ನುವವರ ಪಕ್ಷದಲ್ಲಿ ಒಂದು ಗಟ್ಟಿ ಕಾರಣವಿದೆ, ಅದು ಬೆಳಕು. ಹಳೆಯ ಕಿಟಕಿಗಳಲ್ಲಿ ಮರದ ಸರಳು, ಮರದ ಕದ, ಅಷ್ಟೆ. ಗಾಜಿಲ್ಲ. ಇರಚಲು ಹೊಡೆದಾಗ ಕದ ಮುಚ್ಚಿದರೆ ನಡುಹಗಲಲ್ಲಿ ಕತ್ತಲೆ. ಮಾಡಿನಲ್ಲಿ ಒಂದೆರಡು ಗಾಜಿನ ಹಂಚು ಇಟ್ಟು ಹಿರಿಯರು ಅಲ್ಪಸ್ವಲ್ಪ ಪರಿಹಾರ ಕಂಡುಕೊಂಡಿದ್ದರು. (ಮಂಗಗಳು ಮಾಡಿನ ಮೇಲೆ ಓಡಾಡಲು ತೊಡಗಿದ ಮೇಲೆ ಅದಕ್ಕೂ ಆಯಸ್ಸು ಕಡಿಮೆ.) ಜುಲೈ ತಿಂಗಳಲ್ಲಿ ವಿದ್ಯುತ್ತಿಲ್ಲದ ದಿನ ಓದಬೇಕಾದ ಹುಡುಗಿಗೆ ‘ಹಳೆಯದೇ ಒಳ್ಳೆಯದು’ ಎಂದು ಉಪದೇಶಿಸುವುದು ನ್ಯಾಯವಲ್ಲ.

ನಮಗೆ ಬೇಕಾದ ಎರಡನೆಯ ಪದರ ಮಳೆಯನ್ನು ತಡೆಯಬೇಕು, ಬೆಳಕನ್ನು ಬಿಡಬೇಕು, ಗಾಳಿಯನ್ನು ಕಟ್ಟಿಹಾಕಬಾರದು. ಇದರ ಅರ್ಧ ಉತ್ತರ ಊರಿನಲ್ಲೇ ಇದೆ. ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ ತಟ್ಟಿಗಳನ್ನು ಜಗಲಿಗೂ ಮಣ್ಣಿನ ಗೋಡೆಗೂ ಕಟ್ಟುವುದನ್ನು ನೀವು ನೋಡಿರುತ್ತೀರಿ. ಈಗ ಹಲವೆಡೆ ಅದರ ಸ್ಥಾನಕ್ಕೆ ಪ್ಲಾಸ್ಟಿಕ್ ತಾಡಪಾಲು, ನೆರಳುಬಲೆ ಬಂದಿವೆ. ತಟ್ಟಿ ನೀರು ಸೋರದ ಗೋಡೆಯೇನಲ್ಲ. ಬೀಸುವ ಹನಿಯ ವೇಗವನ್ನು ಅದು ಮುರಿಯುತ್ತದೆ, ನುಸುಳಿದ ಸ್ವಲ್ಪ ನೀರು ತಟ್ಟಿ ಮತ್ತು ಗೋಡೆಯ ನಡುವೆ ಕೆಳಗಿಳಿಯುತ್ತದೆ, ಎರಡೂ ಬದಿಯ ಗಾಳಿಯ ಒತ್ತಡ ಹೆಚ್ಚುಕಡಿಮೆ ಸಮವಿರುವುದರಿಂದ ನೀರನ್ನು ಒಳಕ್ಕೆ ತಳ್ಳುವ ಬಲ ಉಳಿಯುವುದಿಲ್ಲ. ಇದೇ ತತ್ತ್ವವನ್ನು 1960ರ ದಶಕದಲ್ಲಿ ನಾರ್ವೆ, ಕೆನಡಾಗಳ ಕಟ್ಟಡ ವಿಜ್ಞಾನಿಗಳು ಬಹುಮಹಡಿ ಕಟ್ಟಡಗಳ ಹೊರಗೋಡೆಗಾಗಿ ಸೂತ್ರೀಕರಿಸಿದರು.

ಆದ್ದರಿಂದ ನನ್ನ ಆಯ್ಕೆ ಪಾರದರ್ಶಕ ತಟ್ಟಿ. ಸರಳು, ಕದಗಳನ್ನು ಹಾಗೆಯೇ ಉಳಿಸಿ. ಕಿಟಕಿಯ ಹೊರಗೆ, ಸೂರಿನ ಕೆಳಗೆ, ಮೇಲಂಚಿನಲ್ಲಿ ಮಾತ್ರ ಕೀಲಿರುವ ಒಂದು ಹಲಗೆಯನ್ನು ತೂಗುಹಾಕಿ, ಕೆಳಗಂಚನ್ನು ಒಂದು ಗೇಣಾದರೂ ಹೊರಕ್ಕೆ ಚಾಚಿ ಕಟ್ಟಿ. ಕೆಳಗೂ ಪಕ್ಕಗಳಲ್ಲೂ ಗಾಳಿಗೆ ದಾರಿ ಇರುತ್ತದೆ. ನಾಲ್ಕು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 10 ಕಿಲೋಗ್ರಾಂ ತೂಗುತ್ತದೆ, ಅಷ್ಟೇ ದಪ್ಪದ ಆಕ್ರಿಲಿಕ್ ಅದರ ಅರ್ಧಕ್ಕಿಂತ ಕಡಿಮೆ. ಹಳೆಯ ಚೌಕಟ್ಟಿಗೆ ಹಗುರವಾದದ್ದೇ ಲೇಸು. ಪಾಲಿಕಾರ್ಬೊನೇಟ್ ಪೆಟ್ಟಿಗೆ ಜಗ್ಗುವುದಿಲ್ಲ, ಬಿಸಿಲಿಗೆ ಹಳದಿಗಟ್ಟುತ್ತದೆ. ದೀಪಾವಳಿಯ ಹೊತ್ತಿಗೆ ಬಿಚ್ಚಿ ಅಟ್ಟಕ್ಕೆ ಹಾಕಿದರೆ ಅದರ ಆಯಸ್ಸೂ ಹೆಚ್ಚುತ್ತದೆ, ಕಿಟಕಿಯ ಮರಕ್ಕೂ ಬಿಸಿಲು ಸಿಗುತ್ತದೆ. ಬಾಗಿಸಬಹುದಾದ ಗಾಜಿನ ಪಟ್ಟಿಗಳ ಕಿಟಕಿಯೂ ನಡೆದೀತು, ಇರಚಲು ತೀರಾ ಜೋರಾಗಿ ಬೀಳದ ಬದಿಗೆ.

ಬಿಗಿ ಗಾಜು ಸಲ್ಲುವ ಕಡೆಗಳೂ ಇಲ್ಲದಿಲ್ಲ. ಯಂತ್ರವಿಟ್ಟು ಗಾಳಿಯ ತೇವ ತೆಗೆಯುವ ಕೋಣೆ, ಉದಾಹರಣೆಗೆ ತಾಳೆಗರಿ ಗ್ರಂಥಗಳ ಸಂಗ್ರಹ, ಬಿಗಿಯಾಗಿಯೇ ಇರಬೇಕು. ಆದರೆ ಅದಕ್ಕೆ ಮೊದಲು ಮೇಲೆ ಸಂದಿಲ್ಲದ ಚಾವಣಿ ಬೇಕು. ಶಿರಸಿ ಪೇಟೆಯಲ್ಲಿ ಬಸ್ಸು ಹಾಯುವ ರಸ್ತೆಗೆ ಹೊಂದಿಕೊಂಡ ಮನೆಯವರು ಸದ್ದಿಗಾಗಿ ಎರಡನೆಯ ಗಾಜು ಬಯಸಬಹುದು. ಆಗ ಗಾಜುಗಳ ನಡುವಿನ ಅಂತರ ಮುಖ್ಯ. 4 ಮಿಲಿಮೀಟರಿನ ಎರಡು ಗಾಜುಗಳ ನಡುವೆ 12 ಮಿಲಿಮೀಟರ್ ಬಿಟ್ಟರೆ ಜೋಡಿಯ ಅನುರಣನ ಸುಮಾರು 245 ಹರ್ಟ್ಸ್‌ನಲ್ಲಿ, 100 ಮಿಲಿಮೀಟರ್ ಬಿಟ್ಟರೆ ಸುಮಾರು 85 ಹರ್ಟ್ಸ್‌ನಲ್ಲಿ. ಅನುರಣನ ಎಷ್ಟು ಕೆಳಗಿಳಿದರೆ ಬಸ್ಸಿನ ಗುಡುಗು ಅಷ್ಟು ಚೆನ್ನಾಗಿ ತಡೆಯಲ್ಪಡುತ್ತದೆ. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಯಾವ ಕಿಟಕಿಯೂ ಮದ್ದಲ್ಲ.

ಈ ಲೆಕ್ಕಗಳನ್ನು ನಂಬುವ ಮುನ್ನ ಪರೀಕ್ಷಿಸಿ. ಒಂದೇ ಹಲಗೆಯಿಂದ ಕೊಯ್ದ, ಬಣ್ಣ ಹಚ್ಚದ ಮೂರು ಮರದ ತುಂಡುಗಳನ್ನು ಮೇ ತಿಂಗಳಲ್ಲಿ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿ. ಒಂದನ್ನು ಸದಾ ಮುಚ್ಚಿದ ಗಾಜಿನ ಕಿಟಕಿಗೂ ಅದರ ಹಿಂದಿನ ಮರದ ಕದಕ್ಕೂ ನಡುವೆ ಇಡಿ, ಇನ್ನೊಂದನ್ನು ತೆರೆದ ಕಿಟಕಿಯ ದಿಂಡಿನ ಮೇಲೆ, ಮೂರನೆಯದನ್ನು ಬಚ್ಚಲ ಒಲೆ ಇನ್ನೂ ಉರಿಯುವ ಮನೆಯ ಅಟ್ಟದಲ್ಲಿ. ಪ್ರತಿ ಭಾನುವಾರ ತೂಗಿ ಬರೆದಿಡಿ. ಶೇ. 12 ತೇವಾಂಶದಲ್ಲಿ 112 ಗ್ರಾಂ ಇರುವ ತುಂಡು 120 ಗ್ರಾಂ ತಲುಪಿದರೆ ಅದು ಶೇ. 20ರ ಗಡಿ. ಮೂರರಲ್ಲಿ ಯಾವುದು ಯಾವ ವಾರ ಆ ಗಡಿ ದಾಟಿತು, ಮಳೆ ನಿಂತ ಮೇಲೆ ಯಾವುದು ಮೊದಲು ಹಿಂದಿರುಗಿತು ಎಂಬುದನ್ನು ಒಂದೇ ನಕ್ಷೆಯಲ್ಲಿ ಮೂರು ಗೆರೆಗಳಾಗಿ ಎಳೆದು ನೋಡಿ.