ಸಾಲದ ಪತ್ರ ಮತ್ತು ಮನದ ನೋವು: ಪಾಲನಾ ಸಮಾಲೋಚನೆಯ ಸಿದ್ಧಾಂತಗಳ ಒಂದು ವಿಮರ್ಶೆ

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಪ್ರಕಟಿಸಿದ ‘ಗೌದಿಯುಂ ಎತ್ ಸ್ಪೆಸ್’ ಸಂವಿಧಾನದ 62ನೇ ಪರಿಚ್ಛೇದವು, ಪಾಲನಾ ಸೇವೆಯಲ್ಲಿ ದೈವಶಾಸ್ತ್ರದ ತತ್ತ್ವಗಳ ಜೊತೆಗೆ ಲೌಕಿಕ ವಿಜ್ಞಾನಗಳನ್ನೂ ಬಳಸಿಕೊಳ್ಳಬೇಕೆಂದು ಬೋಧಿಸುತ್ತದೆ. ಅಲ್ಲಿ ವಿಶೇಷವಾಗಿ ಹೆಸರಿಸಿರುವ ವಿಜ್ಞಾನಗಳು ಎರಡು: ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರ. ಮಹಾಸಭೆಯು ಜೋಡಿಯಾಗಿ ಕೊಟ್ಟದ್ದನ್ನು ನಾವು ಬಿಡಿಸಿಟ್ಟಿದ್ದೇವೆ. ಸಮಾಲೋಚನೆಯ ಪಾಠದಲ್ಲಿ ಫ್ರಾಯ್ಡ್ ಮತ್ತು ರೋಜರ್ಸ್‌ರನ್ನು ಕಲಿಸುತ್ತೇವೆ. ಸಾಲ, ಜಾತಿ, ಜಮೀನುಗಳ ಮಾತನ್ನು ಬೇರೊಂದು ತರಗತಿಗೆ ತಳ್ಳುತ್ತೇವೆ. ಈ ಅಗಲಿಕೆಯಿಂದ ನಮ್ಮ ಧರ್ಮಕೇಂದ್ರಗಳಲ್ಲಿ ಆಗುತ್ತಿರುವ ಹಾನಿಯನ್ನು ಪರಿಶೀಲಿಸುವುದೇ ಈ ಬರಹದ ಉದ್ದೇಶ.

ಮನೋಚಿಕಿತ್ಸೆಯ ಪ್ರತಿಯೊಂದು ಸಿದ್ಧಾಂತಕ್ಕೂ ಒಂದು ಹುಟ್ಟೂರು ಉಂಟು. ಫ್ರಾಯ್ಡ್‌ನ ಸಿದ್ಧಾಂತವು ವಿಯೆನ್ನಾದ ಮಧ್ಯಮ ವರ್ಗದ ಮನೆಗಳ ಒಳಗುಟ್ಟುಗಳಿಂದ ರೂಪುಗೊಂಡಿತು. 1927ರಲ್ಲಿ ಆತ ಧರ್ಮವನ್ನು ಭ್ರಮೆಯೆಂದು ಕರೆದಾಗ, ಮರುವರ್ಷವೇ ಅದಕ್ಕೆ ಉತ್ತರ ಬರೆದವನು ಜ್ಯೂರಿಕ್‌ನ ಪಾದ್ರಿಯೂ ಫ್ರಾಯ್ಡ್‌ನ ಆಪ್ತಮಿತ್ರನೂ ಆದ ಆಸ್ಕರ್ ಫಿಸ್ಟರ್. ಧರ್ಮಸಭೆಗಳು ಮನೋವಿಶ್ಲೇಷಣೆಗೆ ಕೇವಲ ಹೆದರಿ ಕುಳಿತಿರಲಿಲ್ಲವೆಂಬುದಕ್ಕೆ ಇದೊಂದೇ ನಿದರ್ಶನ ಸಾಕು. ಕಾರ್ಲ್ ರೋಜರ್ಸ್ 1902ರಲ್ಲಿ ಅಮೆರಿಕದ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಮನೆಯೊಂದರಲ್ಲಿ ಜನಿಸಿದವನು. ನ್ಯೂಯಾರ್ಕಿನ ಯೂನಿಯನ್ ಗುರುಮಠದಲ್ಲಿ ಎರಡು ವರ್ಷ ಓದಿ, ಅದನ್ನು ತೊರೆದು ಮನಶ್ಶಾಸ್ತ್ರಕ್ಕೆ ಬಂದವನು. ಅಪ್ಪಣೆ ಮಾಡುವ ಹಿರಿಯರಿಂದ ಬಿಡುಗಡೆ ಬಯಸಿದ ಒಂದು ತಲೆಮಾರಿಗೆ, ಆದೇಶವನ್ನೇ ಕೊಡದ ಸಮಾಲೋಚಕನು ಕೃಪೆಯಂತೆ ಕಂಡುಬಂದದ್ದು ಸಹಜವೇ.

ರೋಜರ್ಸ್‌ನ ಕೊಡುಗೆಯನ್ನು ನಾವು ಅಲ್ಲಗಳೆಯುವುದಿಲ್ಲ. ತೀರ್ಪು ನೀಡದೆ ಆಲಿಸುವುದನ್ನು ಅವನಿಂದ ಕಲಿತ ಗುರುಗಳು ಪಾಪನಿವೇದನೆಯ ಪೀಠದಲ್ಲಿಯೂ ಹೆಚ್ಚು ಮೃದುವಾಗಿದ್ದಾರೆ. ಆದರೆ ಹೊಳೆನರಸೀಪುರದ ಕಡೆಯ ಹಳ್ಳಿಯಿಂದ ಬಸ್ಸು ಹಿಡಿದು ಬಂದ ತಾಯಿಯೊಬ್ಬಳು “ಗುರುಗಳೇ, ನೀವೇ ಒಂದು ದಾರಿ ಹೇಳಿ” ಎಂದಾಗ, “ನಿಮಗೆ ಏನನ್ನಿಸುತ್ತದೆ?” ಎಂಬ ಮರುಪ್ರಶ್ನೆಯು ಅವಳಿಗೆ ಗೌರವವಾಗಿ ಕೇಳಿಸದು, ನಿರಾಕರಣೆಯಾಗಿ ಕೇಳಿಸುತ್ತದೆ. ಪಂಜಾಬಿನ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲಿ ಗುರು–ಶಿಷ್ಯ ಸಂಬಂಧವನ್ನು ಚಿಕಿತ್ಸೆಯ ಭಾರತೀಯ ಮಾದರಿಯಾಗಿ ಮುಂದಿಟ್ಟದ್ದು ಇಂಥದೇ ಕೊರತೆಯನ್ನು ಕಂಡು.

ಆದರೆ ನೇಕಿಯವರ ಮಾದರಿಯನ್ನೂ ಹಾಗೆಯೇ ಒಪ್ಪಲಾಗದು. ಗುರುವಿನ ಮಾತಿಗೆ ಎದುರಾಡಲಾಗದ ಕಡೆ, ಗುರುವಿನ ತಪ್ಪಿಗೂ ಎದುರಾಡಲಾಗದು. ಕನ್ನಡ ಕಥೋಲಿಕರು ನಮ್ಮನ್ನು ‘ಗುರು’ ಎಂದೇ ಕರೆಯುವುದರಿಂದ ಈ ಎಚ್ಚರಿಕೆಯು ಮೊದಲು ಅನ್ವಯಿಸಬೇಕಾದದ್ದು ನಮಗೇ. ದಾರಿ ತೋರಿಸುವುದು ಒಂದು, ದಾರಿಯ ಒಡೆತನವನ್ನು ಹಿಡಿಯುವುದು ಮತ್ತೊಂದು. ರೋಜರ್ಸ್‌ನ ಸಂಯಮವಿಲ್ಲದ ಗುರುತ್ವವು ಸುಲಭವಾಗಿ ಅಧಿಕಾರಕ್ಕೆ ಜಾರುತ್ತದೆ.

ಕರ್ನಾಟಕದ ನೆಲದಲ್ಲಿಯೇ ನಡೆದ ಒಂದು ಅಧ್ಯಯನವು ಇಲ್ಲಿ ಸ್ಮರಣೀಯ. ಭಾರತದಲ್ಲಿ ಸೇವೆ ಸಲ್ಲಿಸಿದ ಸ್ಕಾಟಿಷ್ ಮಿಷನರಿಗಳ ಪುತ್ರ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಕರಾವಳಿಯ ಕೋಟದಲ್ಲಿ ಬ್ರಾಹ್ಮಣ, ಬಂಟ ಮತ್ತು ಮೊಗವೀರ ಸಮುದಾಯಗಳ ಮನಃಸ್ಥಿತಿಯನ್ನು ಅಭ್ಯಸಿಸಿ 1976ರಲ್ಲಿ ಗ್ರಂಥ ಪ್ರಕಟಿಸಿದರು. ಕುಟುಂಬಪದ್ಧತಿಯ ಬದಲಾವಣೆ, ಜಾತಿ, ಲಿಂಗ ಇವುಗಳನ್ನು ಬಿಟ್ಟು ಮನೋರೋಗದ ಲಕ್ಷಣಗಳನ್ನು ಎಣಿಸಲಾಗದೆಂಬುದು ಅವರ ನಿಲುವು. ವೈದ್ಯ, ಮಂತ್ರವಾದಿ, ಪಾತ್ರಿ, ಆಧುನಿಕ ಡಾಕ್ಟರು – ಇವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ಬಳಿಗೆ ಹೋಗುವುದರಲ್ಲಿ ಜನರಿಗೆ ವಿರೋಧಾಭಾಸವೇನೂ ಕಾಣದಿದ್ದುದನ್ನೂ ಅಲ್ಲಿ ದಾಖಲಿಸಲಾಯಿತು. ನಮ್ಮ ಭಕ್ತರೂ ಇದಕ್ಕೆ ಹೊರತಲ್ಲ. ಜಪಸರ ಹಿಡಿದ ಕೈಯಲ್ಲೇ ತಾಯಿತವೂ ಮಾತ್ರೆಯ ಚೀಟಿಯೂ ಇರುತ್ತವೆ. ಗದರಿಸುವ ಮುನ್ನ ಆ ಅಲೆದಾಟದ ದಣಿವನ್ನು ಅರಿಯಬೇಕು. ಆದರೂ ಈ ಗ್ರಂಥಕ್ಕೆ ಮಿತಿಯುಂಟು. ಪ್ರಶ್ನಾವಳಿಯು ಲಕ್ಷಣಗಳನ್ನು ಎಣಿಸಬಲ್ಲದು, ನೋವಿನ ಅರ್ಥವನ್ನು ಎಣಿಸಲಾರದು. ಕರಾವಳಿಯ ನಿಷ್ಕರ್ಷೆಗಳನ್ನು ಹಾಸನದ ಬಯಲಿಗೆ ಹಾಗೆಯೇ ತಂದು ನೆಡುವುದೂ ತರವಲ್ಲ.

ಹಾಸನದ ಬಯಲಿನಲ್ಲಿ ಮನಸ್ಸಿನ ಮಾತು ಬೆಳೆಯ ಮಾತಿನೊಡನೆ ಹೆಣೆದುಕೊಂಡಿದೆ. ಹಾಸನದ ಆಲೂಗಡ್ಡೆಗೆ ಅಂಗಮಾರಿ ತಗುಲಿದರೆ, ಅರಕಲಗೂಡಿನ ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಹೊಗೆಸೊಪ್ಪಿನ ಬೆಲೆ ಕುಸಿದರೆ, ಚನ್ನರಾಯಪಟ್ಟಣದ ತೆಂಗಿಗೆ ಮಳೆ ಕೈಕೊಟ್ಟರೆ, ಅದರ ಹಿಂದೆಯೇ ನಿದ್ರಾಹೀನತೆ, ಕುಡಿತ, ಹೊಡೆತಗಳು ಮನೆಯೊಳಗೆ ಬರುತ್ತವೆ. ರಾಜ್ಯದ ರೈತರ ಆತ್ಮಹತ್ಯೆಗಳ ಕಾರಣವನ್ನು ಅರಸಿದ ಜಿ. ಕೆ. ವೀರೇಶ್ ಸಮಿತಿಯು 2002ರ ತನ್ನ ವರದಿಯಲ್ಲಿ ಸಾಲಕ್ಕಿಂತ ಮದ್ಯವ್ಯಸನ, ಕೌಟುಂಬಿಕ ಕಲಹ ಮುಂತಾದವುಗಳಿಗೆ ಹೆಚ್ಚಿನ ಒತ್ತು ನೀಡಿತು. ಅದಕ್ಕಾಗಿ ತೀವ್ರ ಟೀಕೆಗೂ ಒಳಗಾಯಿತು. ಮನಶ್ಶಾಸ್ತ್ರದ ಭಾಷೆಯು ಸಮಾಜದ ಹೊಣೆಯನ್ನು ವ್ಯಕ್ತಿಯ ಹೆಗಲಿಗೆ ದಾಟಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ನಾಡಿನಲ್ಲಿ ವಿರಳ. ಕುಡಿತವು ಸುಳ್ಳಲ್ಲ, ಆದರೆ ಅವನೇಕೆ ಕುಡಿದ ಎಂದು ಕೇಳುವಲ್ಲಿ ವಿಚಾರಣೆ ಆರಂಭವಾಗಬೇಕೇ ಹೊರತು, ಕುಡಿದನೆಂದು ಬರೆಯುವಲ್ಲಿ ಮುಗಿಯಬಾರದು. ಕುಡುಕನಿಗೆ ಉಪದೇಶವನ್ನಷ್ಟೇ ಕೊಟ್ಟು ಕಳುಹಿಸಿದ ದಿನಗಳಲ್ಲಿ ನಾವೂ ಅದೇ ವರದಿಯನ್ನು ಬರೆದಿದ್ದೇವೆ.

ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ನಮ್ಮ ಅಭ್ಯರ್ಥಿಗಳಲ್ಲಿ ಅನೇಕರು ನೋಡಿರುತ್ತಾರೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಈ ದೇವಾಲಯವು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಅದೇ ಜಲಾಶಯದ ಎಡದಂಡೆಯ ನೀರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗವನ್ನು ಹಾದು ತುಮಕೂರಿನತ್ತ ಹರಿಯುತ್ತದೆ. ಒಂದೇ ನೀರು ಒಂದು ಕಡೆ ಬೆಳೆಯಾಯಿತು, ಇನ್ನೊಂದು ಕಡೆ ಅಗಲಿಕೆಯಾಯಿತು. ಪೂರ್ವಿಕರ ಊರನ್ನು ನೀರಿಗೆ ಬಿಟ್ಟುಕೊಟ್ಟವರ ದುಃಖವನ್ನು ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ‘ಹೊಂದಾಣಿಕೆಯ ಸಮಸ್ಯೆ’ ಎಂದು ಹೆಸರಿಸಿದರೆ, ಸಮುದಾಯದ ನಷ್ಟವು ಕಣ್ಮರೆಯಾಗುತ್ತದೆ. ಸಾಮೂಹಿಕ ದುಃಖಕ್ಕೆ ಸಾಮೂಹಿಕ ಶೋಕಗೀತೆ ಬೇಕು. ಪ್ರಲಾಪಗಳ ಗ್ರಂಥವು ಬೈಬಲ್ಲಿನಲ್ಲಿ ಇರುವುದು ವ್ಯರ್ಥವಾಗಿ ಅಲ್ಲ.

ಇಷ್ಟು ಹೇಳಿದ ಮೇಲೆ ಎದುರು ದಿಕ್ಕಿನ ತಪ್ಪನ್ನೂ ಹೇಳಬೇಕು. ಎಲ್ಲ ನೋವೂ ಸಮಾಜದಿಂದಲೇ ಬಂದದ್ದೆಂದು ಸಾಧಿಸಿ, ತೀವ್ರ ಖಿನ್ನತೆಯಲ್ಲಿರುವವನನ್ನು ಔಷಧವಿಲ್ಲದೆ ಬಿಡುವುದು ಘೋರ ಅಪರಾಧ. 1985ರಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಪ್ರಯೋಗವು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಮನೋರೋಗಕ್ಕೆ ಚಿಕಿತ್ಸೆ ನೀಡಬಲ್ಲರೆಂದು ತೋರಿಸಿ ದೇಶಕ್ಕೆ ಮಾದರಿಯಾಯಿತು. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ವಿಧಿಸುತ್ತದೆ. ಕಾನೂನು ತೋರುವ ಈ ಕರುಣೆಗಿಂತ ನಮ್ಮ ಪ್ರಬೋಧನೆಯು ಕಠಿಣವಾಗಿರುವುದು ನಾಚಿಕೆಯ ವಿಷಯ. ವೈದ್ಯರ ಬಳಿಗೆ ಕಳುಹಿಸುವುದು ವಿಶ್ವಾಸದ ಸೋಲಲ್ಲ, ಪಾಲಕನ ಕರ್ತವ್ಯ.

ಯೋಬನ ಗೆಳೆಯರು ಏಳು ದಿನ ಮೌನವಾಗಿ ಕುಳಿತಾಗ ಒಳ್ಳೆಯ ಸಮಾಲೋಚಕರಾಗಿದ್ದರು. ಸಿದ್ಧಾಂತವನ್ನು ಬಾಯಿಬಿಟ್ಟಾಗ ಕೆಟ್ಟರು. ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯದಲ್ಲಿ, ಸಮಾಧಿಗಳ ನಡುವೆ ಅಲೆಯುತ್ತಿದ್ದವನ ಬಾಧೆಗೆ ಇದ್ದ ಹೆಸರು ದಂಡು. ಅದು ನಾಡನ್ನಾಳುತ್ತಿದ್ದ ರೋಮಿನ ಸೈನ್ಯದ ಹೆಸರು. ಯೇಸುಸ್ವಾಮಿ ಅವನನ್ನು ಗುಣಪಡಿಸಿದರು. ಆದರೆ ಹಿಂಬಾಲಿಸುವೆನೆಂದವನನ್ನು ತಮ್ಮೊಡನೆ ಇಟ್ಟುಕೊಳ್ಳದೆ ಅವನ ಮನೆಗೆ, ಅವನ ಜನರ ಬಳಿಗೆ ಕಳುಹಿಸಿದರು. ಹಂದಿಗಳನ್ನು ಕಳೆದುಕೊಂಡ ಊರು ಆ ಗುಣವನ್ನು ಸಂತೋಷದಿಂದ ಸ್ವಾಗತಿಸಲಿಲ್ಲ ಎಂಬುದನ್ನೂ ಸುವಾರ್ತಾಕಾರನು ಮರೆಮಾಚುವುದಿಲ್ಲ. ಒಬ್ಬನ ಸ್ವಾಸ್ಥ್ಯಕ್ಕೆ ಊರೂ ಬೆಲೆ ತೆರಬೇಕಾಗುತ್ತದೆ. ಆದ್ದರಿಂದ ನಮ್ಮ ಅಭ್ಯರ್ಥಿಗಳು ಸಮಾಲೋಚನೆಗೆ ಬಂದವನ ಬಾಲ್ಯವನ್ನು ಕೇಳಿದ ಮೇಲೆ, ಸಹಕಾರ ಸಂಘದಲ್ಲಿ ಅವನ ಹೆಸರಿನ ಮುಂದೆ ಎಷ್ಟು ಸಾಲ ಬರೆದಿದೆ ಎಂಬುದನ್ನೂ ಕೇಳಲು ಕಲಿಯಲಿ. ಆ ಎರಡನೆಯ ಪ್ರಶ್ನೆಯನ್ನು ಕೇಳಿದವನು ಕೊಠಡಿಯೊಳಗೇ ಕುಳಿತಿರಲಾರ. ಎದ್ದು ಆ ಮನೆಯವರೆಗೂ ನಡೆಯಬೇಕಾಗುತ್ತದೆ.