ಪೆಟ್ಟಿಗೆಯೊಳಗಿನ ಸಿದ್ಧದನಿಗಳು

ಗಿಟಾರು ನಮ್ಮ ಕಡೆಯ ಆರ್ಕೆಸ್ಟ್ರಾಗಳಿಗೆ ಹೊಸ ವಾದ್ಯವಲ್ಲ. ಹೊಸದಾಗಿ ಬಂದಿರುವುದು ಬಾರಿಸುವವನ ಕಾಲ ಬಳಿ ಕುಳಿತಿರುವ ಪೆಟ್ಟಿಗೆ. ಬಾರಿಸುವವರು ಅದನ್ನು 'ಪ್ರೊಸೆಸರ್' ಎನ್ನುತ್ತಾರೆ. ಅಂಗಡಿಯವರ ಪಟ್ಟಿಯಲ್ಲಿ ಅದರ ಹೆಸರು 'ಆಂಪ್ ಮಾಡೆಲರ್'. ಹಿಂದೆ ಗಿಟಾರು ನುಡಿಸುವವನು ವಾಲ್ವ್ ಹಾಕಿದ ಭಾರವಾದ ಆಂಪ್ಲಿಫೈಯರನ್ನೂ ಅದರ ಸ್ಪೀಕರನ್ನೂ ಹೊತ್ತು ತಿರುಗಬೇಕಾಗಿತ್ತು. ಈ ಪೆಟ್ಟಿಗೆ ತಂತಿಯ ಕಂಪನವನ್ನು ಅಂಕೆಗಳಾಗಿ ಮಾಡಿಕೊಂಡು, ಅಂಥ ಆಂಪ್ಲಿಫೈಯರು ಆ ಕಂಪನಕ್ಕೆ ಎಂಥ ದನಿ ಕೊಡುತ್ತಿತ್ತೆಂದು ಲೆಕ್ಕಹಾಕಿ, ಅದೇ ದನಿಯನ್ನು ಹೊರಗೆ ಬಿಡುತ್ತದೆ. ಅಮೆರಿಕದ ಲೈನ್ ಸಿಕ್ಸ್ ಸಂಸ್ಥೆ 1998ರಲ್ಲಿ 'ಪಾಡ್' ಎಂಬ ಹೆಸರಿನ, ಅಲಸಂದೆ ಕಾಳಿನ ಆಕಾರದ ಕೆಂಪು ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದ ಮೇಲೆ ಈ ವಿದ್ಯೆ ಮನೆಮನೆಗೆ ಹೊಕ್ಕಿತು. ಇಂಥ ಪೆಟ್ಟಿಗೆಗಳಲ್ಲಿ ಕೊಳ್ಳುವವನ ಅನುಕೂಲಕ್ಕೆಂದು ಕಾರ್ಖಾನೆಯವರೇ ಹತ್ತಾರು, ಕೆಲವದರಲ್ಲಿ ನೂರಾರು ದನಿಗಳನ್ನು ಕೂಡಿಸಿ ಇಟ್ಟಿರುತ್ತಾರೆ. ಗುಂಡಿ ಒತ್ತಿದರೆ ಒಂದು ದನಿ, ಮತ್ತೊಮ್ಮೆ ಒತ್ತಿದರೆ ಇನ್ನೊಂದು. ಇವಕ್ಕೆ 'ಪ್ರೀಸೆಟ್' ಎಂದು ಹೆಸರು. ನಾನು ಸಿದ್ಧದನಿ ಎನ್ನುತ್ತೇನೆ.

ಈ ಸಿದ್ಧದನಿಗಳಿಂದ ಏನಾದರೂ ಉಪಯೋಗವುಂಟೆ ಎಂಬ ಪ್ರಶ್ನೆ ನನ್ನ ಮನೆಯೊಳಗೇ ಎದ್ದಿತು. ಅಣ್ಣನ ಮಗ ಎರಡು ವರ್ಷ ದುಡ್ಡು ಕೂಡಿಹಾಕಿ ಒಂದು ಪೆಟ್ಟಿಗೆ ಕೊಂಡುತಂದ. ಮೊದಲ ಸಂಜೆ ಅದರ ಒಂದನೆಯ ಅಂಕೆಯನ್ನು ಒತ್ತಿ ನನ್ನ ಕಿವಿಗೆ ಹೆಡ್‌ಫೋನು ಸಿಕ್ಕಿಸಿದ. "ಕಾಕಾ, ಕೇಳ್ರಿ ಒಮ್ಮೆ." ಸುಳ್ಳು ಹೇಳಲಾರೆ, ಬೆರಗಾಯಿತು. ಒಂದೇ ತಂತಿ ಮೀಟಿದರೆ ದೊಡ್ಡ ಗುಮ್ಮಟದೊಳಗೆ ಹತ್ತು ಜನ ಒಟ್ಟಿಗೆ ನುಡಿಸಿದಂತೆ ಕೇಳುತ್ತಿತ್ತು. ವಿಜಾಪುರದ ಗೋಲಗುಮ್ಮಟದಲ್ಲಿ ಕೂಗಿದ ಮಗು ತನ್ನ ದನಿಗೆ ತಾನೇ ಮರುಳಾಗುತ್ತದಲ್ಲ, ಹುಡುಗನ ಮುಖದಲ್ಲಿ ಅದೇ ಭಾವವಿತ್ತು.

ಮುಂದೆ ಗಣೇಶೋತ್ಸವ ಬಂತು. ಗೋಕಾಕ ಫಾಲ್ಸಿನಲ್ಲಿ ಆ ದಿನಗಳೆಂದರೆ ಘಟಪ್ರಭೆ ತುಂಬಿ ಹರಿದು 52 ಮೀಟರು ಎತ್ತರದಿಂದ ಕೆಳಗೆ ಬೀಳುವ ದಿನಗಳು. ವೇದಿಕೆಯ ಮೇಲೆ ಕೀಬೋರ್ಡು, ರಿದಂ ಪ್ಯಾಡು, ಬೇಸ್ ಗಿಟಾರು, ಇಬ್ಬರು ಗಾಯಕರು. ಮೂಲೆಯಲ್ಲಿ ನಮ್ಮ ಹುಡುಗ. ಮನೆಯಲ್ಲಿ ಗುಮ್ಮಟವಾಗಿದ್ದ ಆ ಒಂದನೆಯ ಅಂಕೆಯ ದನಿ ಅಲ್ಲಿ ಜೇನುಹುಟ್ಟಿಗೆ ಕಲ್ಲು ಬಿದ್ದಂತಾಯಿತು. ರಾಗವೂ ಇಲ್ಲ, ಸ್ವರವೂ ಇಲ್ಲ, ಒಂದೇ ಸಮನೆ ಗುಂಯ್ ಎಂಬ ಸದ್ದು. ಸೌಂಡ್ ಸರ್ವಿಸಿನವನು ದನಿ ಏರಿಸಿದಷ್ಟೂ ಕರ್ಕಶತೆ ಏರಿತೇ ಹೊರತು ಹಾಡಿನ ಎಳೆ ಮೇಲೆ ಬರಲಿಲ್ಲ. ಹುಡುಗ ಮನೆಗೆ ಬಂದವನೇ ಗಿಟಾರನ್ನು ಕಪಾಟಿನ ಮೇಲಿಟ್ಟ. "ನನ್ನ ಕೈಯಾಗ ಏನೂ ಇಲ್ಲರಿ ಕಾಕಾ" ಎಂದ. ಒಂದು ತಿಂಗಳು ಅದು ಕೆಳಗಿಳಿಯಲಿಲ್ಲ.

ಕೈಯಲ್ಲಿ ಏನೂ ಇಲ್ಲವೆಂದು ಅವನಿಗೆ ಹೇಳಿದವರು ಯಾರು? ಕೇಳುಗರು ಹೇಳಲಿಲ್ಲ, ಪೆಟ್ಟಿಗೆ ಹೇಳಿತು. ಮನೆಯಲ್ಲಿ 'ನೀನು ಬಹು ದೊಡ್ಡ ವಾದಕ' ಎಂದು ಸುಳ್ಳು ಹೇಳಿದ್ದೂ ಅದೇ ಪೆಟ್ಟಿಗೆಯೇ. ನನ್ನ ದೂರು ಇಷ್ಟೇ: ಒಂದೇ ಸಿದ್ಧದನಿ ಎರಡು ಕಡೆ ಎರಡು ಸುಳ್ಳು ಹೇಳಿತು, ಹುಡುಗ ಎರಡನ್ನೂ ನಂಬಿದ.

ಇದು ಹೇಗಾಗುತ್ತದೆಂಬುದನ್ನು ತಿಳಿಯಲು ದೊಡ್ಡ ಶಾಸ್ತ್ರ ಬೇಕಿಲ್ಲ. ಶ್ರಾವಣದಲ್ಲಿ ನಮ್ಮ ತೂಗುಸೇತುವೆಯ ಬಳಿ ನಿಂತು ಸ್ನೇಹಿತನ ಜೊತೆ ಮಾತಾಡಿ ನೋಡಿ. ಜಲಪಾತದ ಸದ್ದಿನಲ್ಲಿ ಕೆಳಗಿನ ಗುಡುಗೂ ಇದೆ, ಮೇಲಿನ ಸುಯ್ಯೆಂಬುದೂ ಇದೆ. ಅಲ್ಲಿ ದಪ್ಪ ದನಿಯಲ್ಲಿ ಮಾತಾಡಿದವನ ಮಾತು ನೀರಿನಲ್ಲಿ ಮುಳುಗಿಹೋಗುತ್ತದೆ. ಪಿಸುಗುಟ್ಟಿದವನದು ತುಂತುರಿನಲ್ಲಿ ಹಾರಿಹೋಗುತ್ತದೆ. ಯಾರೂ ಹೇಳಿಕೊಡದಿದ್ದರೂ ನಾವೆಲ್ಲ ಅಲ್ಲಿ ದನಿಯನ್ನು ಸ್ವಲ್ಪ ಏರಿಸಿ, ನಡುವಿನ ಒಂದು ಎಡೆಯನ್ನು ಹುಡುಕಿಕೊಂಡು ಮಾತಾಡುತ್ತೇವೆ. ಗಿರಣಿಯ ನೂಲಿನ ಖಾತೆಯಲ್ಲಿ ಆಯುಷ್ಯ ಕಳೆದವರು ಮನೆಯಲ್ಲೂ ಹಾಗೆಯೇ ಮಾತಾಡುವುದನ್ನು ಕೇಳಿದ್ದೇನೆ. ಮೈಕಿಲ್ಲದ ಕಾಲದಲ್ಲಿ ಇದೇ ಸೀಮೆಯಲ್ಲಿ ರಾತ್ರಿಯಿಡೀ ಶ್ರೀಕೃಷ್ಣ ಪಾರಿಜಾತ ಆಡಿದವರಿಗೂ ಈ ಎಡೆ ತಿಳಿಯದೆ ಗತಿಯಿರಲಿಲ್ಲ. ಮೇಳದೊಳಗೆ ಗಿಟಾರಿನ ಸ್ಥಾನವೂ ಆ ನಡುವಿನ ಎಡೆಯೇ. ಕೆಳಗೆ ಬೇಸ್ ಗಿಟಾರು ಇದೆ, ಮೇಲೆ ತಾಳದ ಝಲ್ಲೆಂಬುದಿದೆ. ಹಳೆಯ ಗಿಟಾರ್ ಸ್ಪೀಕರುಗಳು ಸುಮಾರು 5000 ಹರ್ಟ್ಸ್ ದಾಟಿದ ಮೇಲೆ ತಾವಾಗಿಯೇ ಮೌನವಾಗುತ್ತಿದ್ದವು. ಅದು ಅವುಗಳ ಕೊರತೆಯಾಗಿತ್ತು. ಆ ಕೊರತೆಯೇ ಮೇಳದಲ್ಲಿ ಅವಕ್ಕೆ ಜಾಗ ಮಾಡಿಕೊಟ್ಟಿತ್ತು.

ಅನೇಕ ಸಿದ್ಧದನಿಗಳು ಮಾಡುವುದು ಇದರ ವಿರುದ್ಧವನ್ನು. ಅವು ನಡುವನ್ನು ತೋಡಿ ತೆಗೆದು ಬುಡವನ್ನೂ ತುದಿಯನ್ನೂ ಉಬ್ಬಿಸುತ್ತವೆ. ಅದರ ಮೇಲೆ ಅನುರಣನ, ಪ್ರತಿಧ್ವನಿಗಳನ್ನು ಧಾರಾಳವಾಗಿ ಸುರಿಯುತ್ತವೆ. ಮಾಡಿದವರು ಮೂರ್ಖರಲ್ಲ. ಅಂಗಡಿಯಲ್ಲಿ ಗಿರಾಕಿ ಒಬ್ಬನೇ ಕುಳಿತು, ಬೇರೆ ವಾದ್ಯವಿಲ್ಲದೆ, ಐದು ನಿಮಿಷ ನುಡಿಸಿ ನೋಡುತ್ತಾನೆ. ಆ ಐದು ನಿಮಿಷದಲ್ಲಿ ಅವನನ್ನು ಗೆಲ್ಲಬೇಕು. ಒಬ್ಬಂಟಿ ಗಿಟಾರು ತುಂಬಿದ ಮೇಳದಂತೆ ಕೇಳಿಸಬೇಕು. ಸೀರೆ ಅಂಗಡಿಯ ದೀಪದಲ್ಲಿ ಮಿಂಚಿದ ಬಣ್ಣ ಅಂಗಳದ ಬಿಸಿಲಿನಲ್ಲಿ ಬೇರೆಯಾಗುವ ಬಗೆ ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಸೀರೆಯನ್ನು ಬಾಗಿಲಿಗೆ ತಂದು ನೋಡುತ್ತಾರೆ. ಪೆಟ್ಟಿಗೆ ಕೊಳ್ಳುವವರಿಗೆ ಆ ಬುದ್ಧಿ ಇನ್ನೂ ಬಂದಿಲ್ಲ.

ಇದರ ಜೊತೆಗೆ ಕಿವಿಯದೂ ಒಂದು ತಕರಾರಿದೆ. ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು 1933ರಲ್ಲೇ ತೋರಿಸಿಕೊಟ್ಟಂತೆ, ಸದ್ದು ಮೆಲುವಾಗಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಕಡಿಮೆ ಕೇಳುತ್ತವೆ. ಸದ್ದು ಏರಿದಂತೆ ಅವು ಪಾಲಿಗಿಂತ ಹೆಚ್ಚು ಏರಿ ಬರುತ್ತವೆ. ಆದ್ದರಿಂದ ಮಲಗುವ ಕೋಣೆಯಲ್ಲಿ ಮೆಲ್ಲಗೆ ಕೇಳುತ್ತ 'ಹದವಾಗಿದೆ' ಎಂದುಕೊಂಡ ದನಿ ವೇದಿಕೆಯಲ್ಲಿ ಹದ ತಪ್ಪಲೇಬೇಕು. ಕಾರ್ಖಾನೆಯವನು ಯಾವ ಗಿಟಾರಿನಿಂದ, ಎಷ್ಟು ಸದ್ದಿನಲ್ಲಿ, ಯಾವ ಸ್ಪೀಕರಿನ ಮುಂದೆ ಕುಳಿತು ಅದನ್ನು ಕೂಡಿಸಿದನೋ ಅದೊಂದೂ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಬರೆದಿರುವುದು ಕೊಂಬು ಕಹಳೆಯಂಥ ಒಂದು ಹೆಸರು ಮಾತ್ರ.

ಇಷ್ಟು ಹೇಳಿದ ಮೇಲೆ ಸಿದ್ಧದನಿಗಳನ್ನೆಲ್ಲ ಹೊಳೆಗೆ ಎಸೆಯಿರಿ ಎಂದು ತೀರ್ಪು ಕೊಡುವುದು ಸುಲಭ. ಅನೇಕ ನಿಪುಣರು ಹಾಗೆ ಕೊಡುತ್ತಲೂ ಇದ್ದಾರೆ. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. 1983ರಲ್ಲಿ ಜಪಾನಿನ ಯಮಾಹಾ ಕಂಪನಿ ಡಿಎಕ್ಸ್ 7 ಎಂಬ ಕೀಬೋರ್ಡನ್ನು ಹೊರತಂದಿತು. ಅದರಲ್ಲಿ ಹೊಸ ದನಿ ಕಟ್ಟುವುದು ಎಷ್ಟು ಕಠಿಣವೆಂದರೆ ಬಹುಪಾಲು ಜನ ಅದರೊಳಗಿದ್ದ ಸಿದ್ಧದನಿಗಳನ್ನೇ ನುಡಿಸಿದರು. ಆ ದಶಕದ ಪಾಶ್ಚಾತ್ಯ ಜನಪ್ರಿಯ ಗೀತೆಗಳಲ್ಲಿ ಅದರ ಒಂದೇ ಎಲೆಕ್ಟ್ರಿಕ್ ಪಿಯಾನೋ ದನಿ ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ಆ ದನಿಗಳನ್ನು ಕಟ್ಟಿದವರಲ್ಲಿ ಡೇವಿಡ್ ಬ್ರಿಸ್ಟೋ, ಗ್ಯಾರಿ ಲ್ಯೂಎನ್‌ಬರ್ಗರ್ ಎಂಬ ನುರಿತ ವಾದಕರಿದ್ದರು. ಸಿದ್ಧದನಿಯೆಂದರೆ ಯಂತ್ರ ತಾನಾಗಿ ಹಡೆದ ಕೂಸಲ್ಲ. ಅದರ ಹಿಂದೆ ಒಬ್ಬ ಮನುಷ್ಯನ ಕಿವಿ ಇದೆ.

ಸಾಹಿತ್ಯದ ವಾಚಕರಿಗೆ ಇದು ಅಪರಿಚಿತ ವಿಷಯವಲ್ಲ. ನಮ್ಮ ಪ್ರಾಚೀನ ಮಹಾಕಾವ್ಯಗಳಿಗೆ ಅಷ್ಟಾದಶ ವರ್ಣನೆಗಳೆಂಬ ಸಿದ್ಧಸಾಮಗ್ರಿ ಇತ್ತು: ಸಮುದ್ರ, ಪರ್ವತ, ಚಂದ್ರೋದಯ, ಜಲಕ್ರೀಡೆ. ಕವಿಸಮಯವೂ ಇತ್ತು, ಚಕೋರ ಬೆಳದಿಂಗಳನ್ನು ಕುಡಿಯಲೇಬೇಕು. ಹತ್ತನೆಯ ಶತಮಾನದ ಪಂಪನೂ ಅದೇ ಉಗ್ರಾಣದಿಂದ ಎತ್ತಿಕೊಂಡ, ಅವನ ನಂತರದ ಮರೆತುಹೋದ ಕವಿಗಳೂ ಎತ್ತಿಕೊಂಡರು. ಪಂಪ ಎತ್ತಿಕೊಂಡದ್ದನ್ನು ತನ್ನ ಕಥೆಯ ಹದಕ್ಕೆ ತಿದ್ದಿದ. ಉಳಿದವರು ಪಟ್ಟಿಯನ್ನು ಭರ್ತಿ ಮಾಡಿದರು.

ನಮ್ಮ ಸಂಗೀತದ ಉದಾಹರಣೆ ಇನ್ನೂ ಹತ್ತಿರದ್ದು. ಹಾರ್ಮೋನಿಯಮ್ಮಿನ ರೀಡುಗಳ ಸ್ವರವನ್ನು ಕೂಡಿಸುವವನು ತಯಾರಿಸುವವನೇ, ನುಡಿಸುವವನಲ್ಲ. ಅದರಲ್ಲಿ ಮೀಂಡ ಬಾರದು, ಶ್ರುತಿಭೇದ ಬಾರದು ಎಂಬ ಆಕ್ಷೇಪದಿಂದ ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ದೂರವಿಟ್ಟಿತ್ತು. ಆದರೂ ನಮ್ಮ ಬೆಳಗಾವಿಯ ರಾಂಭಾವು ಬಿಜಾಪುರೆಯವರು (1917-2010) ಆ ಬದಲಾಯಿಸಲಾಗದ ರೀಡುಗಳ ಮೇಲೆಯೇ ಸ್ವತಂತ್ರ ವಾದನದ ಹೆಸರು ಗಳಿಸಿದರು. ಅಲ್ಲಿ ಕಾರ್ಖಾನೆ ನಿರ್ಧರಿಸಿದ್ದು ಸ್ವರದ ಎತ್ತರವನ್ನು ಮಾತ್ರ. ತಿದಿಯ ಒತ್ತಡ, ಬೆರಳಿನ ಜಾರು, ಎಲ್ಲಿ ನಿಲ್ಲಬೇಕು, ಎಲ್ಲಿ ಬಿಡಬೇಕು ಎಂಬುದೆಲ್ಲ ಕೈಗೇ ಉಳಿದಿತ್ತು. ಗಿಟಾರಿನ ಸಿದ್ಧದನಿ ಹಾಗಲ್ಲ. ಗಟ್ಟಿ ಮೀಟಿದ್ದನ್ನೂ ಮೆಲ್ಲಗೆ ಮೀಟಿದ್ದನ್ನೂ ಅದು ಒಂದೇ ಮಟ್ಟಕ್ಕೆ ತರುತ್ತದೆ, ಸ್ವರ ಎಷ್ಟು ಹೊತ್ತು ಉಳಿಯಬೇಕೆಂಬುದನ್ನು ತಾನೇ ಹೇಳುತ್ತದೆ, ಎರಡು ಸ್ವರಗಳ ನಡುವಿನ ಮೌನವನ್ನು ಪ್ರತಿಧ್ವನಿಯಿಂದ ತುಂಬುತ್ತದೆ. ಕೈ ಮಾಡಬೇಕಾದ ಕೆಲಸಕ್ಕೇ ಅದು ಕೈ ಹಾಕುತ್ತದೆ. ಹೊಸಬನಿಗೆ ಅದು ಸಿಹಿಯಾಗುವುದೂ, ಆಮೇಲೆ ಹಾನಿಯಾಗುವುದೂ ಇದೇ ಕಾರಣಕ್ಕೆ.

ಬೆಂಗಳೂರಿನ ಜಿ. ರಾಜ್ ನಾರಾಯಣರು 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು. ಆ ಮೇಲೆ ತಂಬೂರಿಯ ಪೆಟ್ಟಿಗೆಯೂ ತಬಲಾದ ಪೆಟ್ಟಿಗೆಯೂ ಬಂದವು. ಇವನ್ನು ಹಳಿಯುವ ಹಿರಿಯರು ಈಗಲೂ ಇದ್ದಾರೆ, ತಂಬೂರಿ ಕೂಡಿಸುತ್ತ ಕಿವಿ ಪಳಗುತ್ತಿದ್ದ ಕಾಲ ಹೋಯಿತೆಂಬ ಅವರ ಕೊರಗಿನಲ್ಲಿ ಸತ್ಯವೂ ಇದೆ. ಆದರೂ ತಂಬೂರಿಯ ಪೆಟ್ಟಿಗೆ ಹಾಡುವವನನ್ನು ಮೊದಲೇ ಒಂದು ಪ್ರಶ್ನೆ ಕೇಳುತ್ತದೆ: ನಿನ್ನ ಷಡ್ಜ ಯಾವುದು? ಪಂಚಮವೋ ಮಧ್ಯಮವೋ? ಉತ್ತರ ಕೊಡದೆ ಅವನು ಹಾಡಲಾರ. ಗಿಟಾರಿನ ಪೆಟ್ಟಿಗೆ ಏನನ್ನೂ ಕೇಳದೆ ಉತ್ತರವನ್ನು ಕೈಗಿಟ್ಟುಬಿಡುತ್ತದೆ. ಹಾಗಾದರೆ ಪ್ರಶ್ನೆಯನ್ನು ನಾವೇ ಹಾಕಿಕೊಳ್ಳಬೇಕು. ಸಿದ್ಧದನಿಯ ನಿಜವಾದ ಉಪಯೋಗ ನನಗೆ ಕಂಡದ್ದು ಅಲ್ಲಿ. ಅದನ್ನು ನುಡಿಸುವುದಕ್ಕಿಂತ ಬಿಚ್ಚಿ ನೋಡುವುದರಲ್ಲಿ ಹೆಚ್ಚು ಲಾಭವಿದೆ.

ದೀಪಾವಳಿ ಕಳೆದ ಮೇಲೆ ಹುಡುಗನನ್ನು ಒಪ್ಪಿಸಿ, ಆ ಸೌಂಡ್ ಸರ್ವಿಸಿನವನನ್ನೇ ಮನೆಗೆ ಕರೆಸಿದೆ. ಅವನು ಒಂದು ದೊಡ್ಡ ಸ್ಪೀಕರನ್ನು ಹಿತ್ತಲಿಗೆ ತಂದಿಟ್ಟ. "ತಮ್ಮಾ, ಮೊದಲ ಇದರ ಒಡವಿ ವಸ್ತ್ರ ಎಲ್ಲಾ ತಗಿ. ಒಳಗ ಯಾರ ಅದಾರ ನೋಡೋಣು" ಎಂದ. ಸಿದ್ಧದನಿಯೊಳಗಿನ ಒಂದೊಂದೇ ಅಂಗವನ್ನು ಆರಿಸುತ್ತ ಬಂದರು: ಪ್ರತಿಧ್ವನಿ ಹೋಯಿತು, ಅನುರಣನ ಹೋಯಿತು, ದನಿಯನ್ನು ಒಡೆಯುವ ಗೇನನ್ನು ಅರ್ಧಕ್ಕೆ ಇಳಿಸಿದರು. ಗಿಟಾರಿನ ಅತಿ ದಪ್ಪ ತಂತಿ ನುಡಿಯುವುದೇ ಸುಮಾರು 82 ಹರ್ಟ್ಸಿನಲ್ಲಿ. ಅದಕ್ಕಿಂತ ಕೆಳಗಿನದನ್ನು ಕತ್ತರಿಸಿದರು, 5000ದ ಮೇಲಿನದನ್ನೂ ಸವರಿದರು, ತೋಡಿಹೋಗಿದ್ದ ನಡುವನ್ನು ಮರಳಿ ತುಂಬಿದರು. ಸದ್ದನ್ನು ವೇದಿಕೆಯ ಮಟ್ಟಕ್ಕೆ ಏರಿಸಿಯೇ ಇದನ್ನೆಲ್ಲ ಮಾಡಿದ್ದರಿಂದ ನೆರೆಮನೆಯವರ ಕ್ಷಮೆ ಕೇಳಬೇಕಾಯಿತು.

ಉಳಿದದ್ದು ಬಡಕಲು ದನಿ. ಹುಡುಗನ ಮುಖ ಸಣ್ಣದಾಯಿತು. ಗುಮ್ಮಟ ಮುಚ್ಚಿಟ್ಟಿದ್ದ ತಪ್ಪುಗಳೆಲ್ಲ ಬಿಸಿಲಿಗೆ ಬಂದವು: ಒಂದು ತಂತಿ ಮೀಟುವಾಗ ಪಕ್ಕದ ತಂತಿಯೂ ಗುನುಗುತ್ತಿತ್ತು, ಎಡಗೈ ಬೆರಳು ಸಾಲದಷ್ಟು ಒತ್ತುತ್ತಿತ್ತು. ಆದರೆ ಮೊಬೈಲಿನಲ್ಲಿ ತಾಳ ಮತ್ತು ಬೇಸ್ ಹಾಕಿ ಅದರ ಜೊತೆಗೆ ನುಡಿಸಿದಾಗ, ಆ ಬಡಕಲು ದನಿ ಜಲಪಾತದ ಬಳಿ ಕೂಗಿದ ಹೆಸರಿನಂತೆ ಸ್ಪಷ್ಟವಾಗಿ ಕೇಳಿಸಿತು. ಆ ಸಂಜೆಯಿಂದ ಅವನು ಕೈಯನ್ನು ತಿದ್ದಲು ಕುಳಿತ. ಕಾರ್ಖಾನೆಯವನು ಯಾವ ಅಂಗವನ್ನು ಯಾವುದರ ಮುಂದೆ ಇಟ್ಟಿದ್ದಾನೆ, ಪ್ರತಿಧ್ವನಿಯನ್ನು ಏಕೆ ಕೊನೆಗೆ ಇಟ್ಟಿದ್ದಾನೆ ಎಂಬುದನ್ನು ಬೇರೆ ಬೇರೆ ಸಿದ್ಧದನಿಗಳನ್ನು ಬಿಚ್ಚಿಯೇ ಕಲಿತ. ನನಗೆ ತಿಳಿದಂತೆ ಅವನಿಗೆ ಇದನ್ನು ಹೇಳಿಕೊಡುವ ಮೇಷ್ಟರು ಈ ತಾಲೂಕಿನಲ್ಲಿ ಸಿಗುತ್ತಿರಲಿಲ್ಲ. ಅಷ್ಟರಮಟ್ಟಿಗೆ ಆ ದನಿಗಳು ಅವನಿಗೆ ಪಠ್ಯಪುಸ್ತಕವಾದವು. ಅವಕ್ಕೆ ಕೊಟ್ಟ ಹಣ ವ್ಯರ್ಥವಾಗಲಿಲ್ಲ.

ಮೊನ್ನೆ ಕೊಣ್ಣೂರಿನಲ್ಲಿ ಒಂದು ಮದುವೆಗೆ ನುಡಿಸಿ ಬಂದ. ಹೇಗಾಯಿತಪ್ಪಾ ಎಂದು ಕೇಳಿದೆ. ಜನ ಏನೆಂದರೆಂಬುದನ್ನು ಅವನು ಹೇಳಲೇ ಇಲ್ಲ.

"ಮೂರನೇ ತಂತಿ ಒಂಚೂರು ಹೆಚ್ಚಿಗಿ ಕೂಗ್ತೈತ್ರಿ ಕಾಕಾ" ಎಂದ. "ತಂತಿ ತಪ್ಪೋ ನನ್ನ ತಪ್ಪೋ, ನಾಳೆ ನೋಡಬೇಕು."