ವಿಧಿ ಎಂಬ ಪದದ ಎರಡು ಮುಖ

ಮಳೆ ಕೈಕೊಟ್ಟ ವರ್ಷ ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆಯ ರೈತರ ಬಾಯಲ್ಲಿ ಮೊದಲು ಬರುವ ಮಾತು ‘ಎಲ್ಲವೂ ವಿಧಿ’. ಅದಕ್ಕೆ ಆಧಾರವೆಂದು ಓದು ಬಲ್ಲವರು ‘ಮಂಕುತಿಮ್ಮನ ಕಗ್ಗ’ವನ್ನು ಎತ್ತಿ ಹೇಳುವುದುಂಟು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರ ಈ ಕೃತಿ ಪ್ರಕಟವಾದದ್ದು 1943ರಲ್ಲಿ. ಇದರಲ್ಲಿ 945 ಪದ್ಯಗಳಿವೆ. ಇದು ನಿಜವಾಗಿಯೂ ವಿಧಿವಾದದ ಗ್ರಂಥವೇ?

ಕಗ್ಗದ ಪ್ರಸಿದ್ಧ ಪದ್ಯವೊಂದರಲ್ಲಿ ಬದುಕು ಜಟಕಾಬಂಡಿ, ನಾವು ಕುದುರೆ, ಓಡಿಸುವವನು ವಿಧಿ. ಕಠೋಪನಿಷತ್ತಿನಲ್ಲಿಯೂ ರಥವುಂಟು, ಆದರೆ ಅಲ್ಲಿ ಆತ್ಮನು ರಥದ ಒಡೆಯ, ಬುದ್ಧಿಯೇ ಸಾರಥಿ, ಇಂದ್ರಿಯಗಳು ಕುದುರೆಗಳು. ಯಾಜ್ಞವಲ್ಕ್ಯ ಸ್ಮೃತಿಯಾದರೋ ಒಂದೇ ಗಾಲಿಯಿಂದ ರಥ ಚಲಿಸದಂತೆ ಪುರುಷಪ್ರಯತ್ನವಿಲ್ಲದೆ ದೈವವೂ ಫಲಿಸದೆನ್ನುತ್ತದೆ. ಪ್ರಾಚೀನರು ಮನುಷ್ಯನಿಗೆ ಕೊಟ್ಟಿದ್ದ ಲಗಾಮನ್ನು ಕವಿ ಕಸಿದುಕೊಂಡರೆಂದು ಮೇಲ್ನೋಟಕ್ಕೆ ತೋರುತ್ತದೆ. ಆ ಒಂದು ಪದ್ಯದ ಮಟ್ಟಿಗೆ ಈ ಆಕ್ಷೇಪವನ್ನು ತಳ್ಳಿಹಾಕಲಾಗದು.

ಆದರೆ ಅದೇ ಕವಿ ಬೇರೆಡೆಯಲ್ಲಿ, ಕಷ್ಟದ ಮುಂದೆ ಕಲ್ಲಾಗಿ ನಿಲ್ಲು, ದೀನರಿಗೆ ಸಿಹಿಯಾಗು ಎಂದು ಆದೇಶಿಸುತ್ತಾರೆ. ಲಗಾಮೇ ಇಲ್ಲದವನಿಗೆ ಆದೇಶವೇಕೆ? ಶಾಸ್ತ್ರದಲ್ಲಿ ‘ವಿಧಿ’ ಎಂದರೆ ಮಾಡಬೇಕಾದುದನ್ನು ತಿಳಿಸುವ ವಾಕ್ಯವೆಂದೇ ಅರ್ಥ. ಮಾಡಬಲ್ಲವನಿಗೆ ಮಾತ್ರ ಅದು ಅನ್ವಯಿಸುತ್ತದೆ. ಗುರುವು ಶಿಷ್ಯನ ಕರಸ್ಥಲಕ್ಕೆ ಇಷ್ಟಲಿಂಗವನ್ನು ಅನುಗ್ರಹಿಸುವುದೂ ಅವನು ಸಾಧನೆಗೆ ಅರ್ಹನೆಂಬ ನಂಬಿಕೆಯಿಂದಲೇ. ಹೀಗೆ ನಮಗೆ ಒದಗಿ ಬಂದದ್ದೂ ವಿಧಿ, ನಾವು ಮಾಡಬೇಕಾದದ್ದೂ ವಿಧಿ. ಕಗ್ಗದಲ್ಲಿ ಈ ಎರಡೂ ಇವೆ. ಮೊದಲನೆಯದನ್ನಷ್ಟೇ ಕಂಠಪಾಠ ಮಾಡಿದ ದೋಷ ನಮ್ಮದು.

ಕವಿಯ ತಾಲ್ಲೂಕಿನಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಹತ್ತನೆಯ ಶತಮಾನದಲ್ಲಿದ್ದ ಶೈವಗುರು ತ್ರಿಭುವನಕರ್ತಾರರು ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದರೆಂದು ಶಾಸನ ಹೇಳುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆಯಿದು. ಮಳೆ ಬರುವುದು ಆ ಗುರುಗಳ ಕೈಯಲ್ಲಿರಲಿಲ್ಲ. ಬಂದ ಮಳೆಗೆ ಏರಿ ಕಟ್ಟುವುದು ಅವರ ಕೈಯಲ್ಲಿತ್ತು.

ಮಗನನ್ನು ಕಳೆದುಕೊಂಡ ತಾಯಿಗೆ ಜಟಕಾಬಂಡಿಯ ಪದ್ಯವನ್ನು ಹೇಳಿರಿ. ಕಾಲು ಕುಸಿದರೂ ಕೆಳಗೆ ನೆಲವುಂಟೆಂಬ ಅದರ ಕೊನೆಯ ಮಾತು ಆಕೆಗೆ ಆಸರೆಯಾದೀತು. ಆದರೆ ಊರ ಕೆರೆಯಲ್ಲಿ ಹೂಳು ತುಂಬಿರುವಾಗ ಅದೇ ಪದ್ಯವನ್ನು ಹೇಳಿಕೊಂಡು ಕುಳಿತರೆ ಅದು ಭಕ್ತಿಯಲ್ಲ, ಆಲಸ್ಯ. ಕಗ್ಗವನ್ನು ಓದುವವರು ಈ ವಿವೇಕದಿಂದ ಓದಬೇಕು.